ಷಡ್ಡಕನ ಹಂದಿಗಳು ಕೆಮ್ಮುವುದಿಲ್ಲ

ನನ್ನ ಷಡ್ಡಕನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತಿದ್ದೇನೆ. ಸುಲಭದ ಕೆಲಸವಲ್ಲ. ಹತ್ತು ವರ್ಷ ಅವನನ್ನು ನೋಡಿ ಹೊಟ್ಟೆ ಉರಿದುಕೊಂಡವನು ನಾನು. ಎದುರು ಸಿಕ್ಕರೆ ‘ಬನ್ನಿ ಭಾವ, ಕೂತ್ಕೊಳ್ಳಿ ಭಾವ’ ಎನ್ನುತ್ತೇನೆ. ಬರೆಯುವಾಗ ಮಾತ್ರ ‘ಅವನು’. ಕಾಗದದ ಮೇಲಾದರೂ ನನಗೆ ಅಷ್ಟು ಸ್ವಾತಂತ್ರ್ಯ ಇರಲಿ.

ಅವನು ಅಕ್ಕನನ್ನು ಮದುವೆಯಾದ, ನಾನು ತಂಗಿಯನ್ನು. ನಮ್ಮ ಮಾವ ಹಂದಿ ಸಾಕುವವರು. ಮೊಣಕಾಲು ಸೋತು ಕೆಲಸ ಬಿಡುವಾಗ ತಮ್ಮ ಹಿಂಡನ್ನು ಇಬ್ಬರು ಅಳಿಯಂದಿರಿಗೂ ಸರಿಸಮ ಹಂಚಿಕೊಟ್ಟರು. ಅವನಿಗೆ ಹತ್ತು ಹೆಣ್ಣು, ಒಂದು ಗಂಡು. ನನಗೂ ಹತ್ತು ಹೆಣ್ಣು, ಒಂದು ಗಂಡು. ಒಂದು ಬಾಲ ಹೆಚ್ಚಿಲ್ಲ, ಒಂದು ಕಿವಿ ಕಡಿಮೆಯಿಲ್ಲ. ನನ್ನ ದುರದೃಷ್ಟ ಇರುವುದೇ ಅಲ್ಲಿ. ಅವನಿಗೆ ಹೆಚ್ಚು ಕೊಟ್ಟಿದ್ದರೆ ಮಾವನನ್ನು ಬೈದುಕೊಂಡು ನೆಮ್ಮದಿಯಾಗಿ ಇರುತ್ತಿದ್ದೆ.

ಹಂದಿಗಳ ಜೊತೆಗೆ ಮಾವನ ಮನೆಯ ಕೆಮ್ಮೂ ಇಬ್ಬರಿಗೂ ಸಮನಾಗಿಯೇ ಬಂತು. ಹಂದಿಯ ಕೆಮ್ಮು ಅಂದರೆ ಹೊರಗಿನವರಿಗೆ ನಗು. ‘ಅದಕ್ಕೂ ನೆಗಡಿ ಆಗುತ್ತಾ?’ ಅಂತ ಕೇಳುತ್ತಾರೆ. ಆಗುತ್ತದೆ, ಮತ್ತು ಹೋಗುವುದಿಲ್ಲ. ತಾಯಿಯಿಂದ ಮರಿಗೆ, ಮರಿಯಿಂದ ಪಕ್ಕದ ಮರಿಗೆ, ಹೀಗೆ ಶೆಡ್ಡಿನಲ್ಲೇ ಬಿಡಾರ ಹೂಡುತ್ತದೆ. ಹಂದಿ ಸಾಯುವುದು ಅಪರೂಪ. ಸತ್ತರೆ ಒಂದು ದಿನದ ಸಂಕಟ, ಮುಗಿಯಿತು. ಇದು ಬದುಕಿಸಿಯೇ ತಿನ್ನುವ ಕಾಯಿಲೆ. ಹಂದಿ ಎಂದಿನಂತೆ ತಿನ್ನುತ್ತದೆ, ಬೆಳೆಯುವುದಿಲ್ಲ. ಕೆಮ್ಮಿಲ್ಲದ ಹಂದಿ ನೂರ ಅರವತ್ತು ದಿನಕ್ಕೆ ನೂರು ಕಿಲೋ ತೂಗಿದರೆ ಕೆಮ್ಮುವ ಹಂದಿಗೆ ನೂರ ತೊಂಬತ್ತು ದಿನ ಬೇಕು. ಆ ಮೂವತ್ತು ದಿನ ಅದು ಒಂದೂವರೆ ಮೂಟೆ ಮೇವು ಸುಮ್ಮನೆ ಜಗಿಯುತ್ತದೆ. ಇನ್ನೂರು ಹಂದಿಗೆ ಮುನ್ನೂರು ಮೂಟೆ. ನನ್ನ ಮುನ್ನೂರು ಮೂಟೆ ಪ್ರತಿ ಸಲವೂ ಕೆಮ್ಮಾಗಿ ಗಾಳಿಗೆ ಹೋಯಿತು. ಅದರ ಮೇಲೆ ಚುಚ್ಚುಮದ್ದು, ಅದರ ಮೇಲೆ ಡಾಕ್ಟರು, ಅದರ ಮೇಲೆ ಒಂದೇ ಅಂಕಣದಲ್ಲಿ ಒಂದು ಹಂದಿ ಸೋಫಾದಷ್ಟು, ಇನ್ನೊಂದು ಸ್ಟೂಲಿನಷ್ಟು.

ಮೊದಲ ಎಂಟು ವರ್ಷ ನಾವಿಬ್ಬರೂ ಅಣ್ಣತಮ್ಮಂದಿರಂತೆ ಇದ್ದೆವು. ಅವನ ಶೆಡ್ಡಿನಲ್ಲೂ ಕೆಮ್ಮು, ನನ್ನ ಶೆಡ್ಡಿನಲ್ಲೂ ಕೆಮ್ಮು. ಕಷ್ಟ ಸಮನಾಗಿದ್ದಾಗ ಪ್ರೀತಿಗೇನು ಬರ?

ಎಂಟನೇ ವರ್ಷ ಅವನು ಒಂದು ಹುಚ್ಚು ಕೆಲಸ ಮಾಡಿದ. ಕೊನೆಯ ಮರಿಯವರೆಗೂ ಎಲ್ಲವನ್ನೂ ಮಾರಿಬಿಟ್ಟ. ಶೆಡ್ಡನ್ನು ಉಜ್ಜಿದ, ಸುಣ್ಣ ಬಳಿದ, ಬಾಗಿಲು ತೆರೆದು ವಾರಗಟ್ಟಲೆ ಖಾಲಿ ಬಿಟ್ಟ. ಆಮೇಲೆ ಎಲ್ಲಿಂದಲೋ, ಕೆಮ್ಮೇ ಕಾಣದ ಹಿಂಡಿನ ಹೆಣ್ಣುಗಳನ್ನು ತಂದ. ಆ ಒಂದು ವರ್ಷ ಮಾರುವುದಕ್ಕೆ ಒಂದು ಹಂದಿಯೂ ಇರಲಿಲ್ಲ. ಅವನು ಗೋದಾಮಿನಲ್ಲಿ ಮೂಟೆ ಇಳಿಸಿದ, ಅಕ್ಕ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಮಡಿಸಿದಳು. ಊರೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ‘ಭಾವನಿಗೆ ತಲೆ ಕೆಟ್ಟಿದೆ’ ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ. ಆ ನಗೆ ಈಗಲೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಯಾಕೆಂದರೆ ಅವನ ಮೊದಲ ಹಂದಿಗಳು ನೂರ ಐವತ್ತೆಂಟನೆಯ ದಿನಕ್ಕೆ ಲಾರಿ ಹತ್ತಿದವು. ಎಲ್ಲವೂ ಒಂದೇ ಎತ್ತರ, ಒಂದೇ ದಪ್ಪ, ಸಾಲಾಗಿ. ನಾನು ರಸ್ತೆಯ ಈಚೆ ನಿಂತು ನೋಡಿದೆ. ಒಂದಾದರೂ ಕುಂಟಬಾರದೇ ಎಂದು ಕಾದೆ. ಒಂದೂ ಕುಂಟಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಕಿಚ್ಚು. ಅವನ ಮನೆಯ ಹೊಸ ಪರದೆ ಕಂಡರೆ ಆಗದು, ಅವನ ಬೆನ್ನು ನೆಟ್ಟಗಿರುವುದು ಕಂಡರೆ ಆಗದು. ಎಲ್ಲಕ್ಕಿಂತ ನನ್ನನ್ನು ಸುಟ್ಟ ಸಂಗತಿ ಬೇರೆ. ಒಂದು ದಿನ ಅಕ್ಕ ಮಾತಿನ ನಡುವೆ, ‘ಇವರು ಊಟ ಆದ್ಮೇಲೆ ಒಂದು ಗಂಟೆ ಮಲಗ್ತಾರೆ’ ಅಂದಳು. ಮಲಗುತ್ತಾನಂತೆ! ಹಗಲು ಹೊತ್ತಿನಲ್ಲಿ! ನಾನು ಆ ಹೊತ್ತಿಗೆ ಸಿರಿಂಜು ಹಿಡಿದು ಹಂದಿಗಳ ಹಿಂದೆ ಓಡುತ್ತಿರುತ್ತೇನೆ. ಅಂದಿನಿಂದ ಮಧ್ಯಾಹ್ನ ಎರಡು ಗಂಟೆಯಾದರೆ ಸಾಕು, ಅವನು ಈಗ ಕಾಲು ಚಾಚಿರುತ್ತಾನೆ ಎಂದು ನೆನೆದು ಹಲ್ಲು ಕಡಿಯುತ್ತಿದ್ದೆ.

ಅವನಿಗೆ ಜನ ಸೋಪಣ್ಣ ಎಂದು ಹೆಸರಿಟ್ಟಿದ್ದರು. ಶೆಡ್ಡಿಗೆ ಕಾಲಿಡುವ ಮುಂಚೆ ಸ್ನಾನ, ಅಲ್ಲೇ ಇಟ್ಟ ಬೇರೆ ಬಟ್ಟೆ, ಬೇರೆ ಚಪ್ಪಲಿ. ಹೊರಗೆ ಬಂದರೆ ಮತ್ತೆ ಸ್ನಾನ. ಮೇವಿನ ಲಾರಿ ಗೇಟಿನ ಆಚೆಯೇ ನಿಲ್ಲಬೇಕು. ಹತ್ತು ವರ್ಷದಲ್ಲಿ ನನ್ನನ್ನು ಒಂದು ಸಲವೂ ಒಳಗೆ ಬಿಟ್ಟಿಲ್ಲ. ಒಮ್ಮೆ ನಾನೇ ಬಾಯಿಬಿಟ್ಟು ಕೇಳಿದೆ.

‘ನಾನೇನು ಕಳ್ಳನಾ ಭಾವ?’

‘ಛೆ, ಹಾಗಲ್ಲಪ್ಪಾ. ನೀನು ಒಬ್ನೇ ಬರಲ್ಲ ನೋಡು. ನಿನ್ನ ಮೈಮೇಲೆ ನಿನ್ನ ಹಂದೀನೂ ಬರುತ್ತೆ.’

ಅವನು ನಿಜವನ್ನೇ ಹೇಳಿದ್ದ. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಮನೆಗೆ ಬಂದು ಮೂರು ದಿನ ಮುಖ ಊದಿಸಿಕೊಂಡಿದ್ದೆ. ಹೆಂಡತಿಯೂ ಅಕ್ಕನ ಮನೆಯಿಂದ ಬಂದ ದಿನ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆಯುತ್ತಿದ್ದಳು.

ಹೋದ ವರ್ಷ ನಮ್ಮ ಹಂದಿಗಳನ್ನು ಕೊಳ್ಳುವ ಮಾಂಸದ ಕಾರ್ಖಾನೆಯಿಂದ ಕಾಗದ ಬಂತು. ಇನ್ನು ಮುಂದೆ ನೂರ ಎಪ್ಪತ್ತು ದಿನದೊಳಗೆ ಒಂದೇ ಸಮ ನೂರು ಕಿಲೋಗೆ ಬರುವ ಹಂದಿಗಳೇ ಬೇಕು, ಮುಂದಿನ ತಂಡ ನೋಡಿ ಯಾರನ್ನು ಉಳಿಸಿಕೊಳ್ಳಬೇಕೆಂದು ತೀರ್ಮಾನಿಸುತ್ತೇವೆ ಅಂತ. ಜೊತೆಗೆ ನನ್ನ ಹಿಂದಿನ ತಂಡದ ವರದಿ. ಕೊಯ್ದ ಹತ್ತು ಹಂದಿಗಳಲ್ಲಿ ಏಳರ ಶ್ವಾಸಕೋಶದ ಅಂಚು ಬೂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತಂತೆ. ಒಳಗಿನ ಮಾತನ್ನೆಲ್ಲ ಹೀಗೆ ಹೊರಗಿಟ್ಟು ಬರೆಯುವುದು ಯಾವ ಮರ್ಯಾದೆ?

ಆಗ ನನ್ನ ತಲೆಗೆ ಹೊಳೆದದ್ದು ಒಂದೇ. ಅವನದು ತಳಿಯೇ ಬೇರೆ, ಅದಕ್ಕೇ ಕೆಮ್ಮುವುದಿಲ್ಲ. ಆ ಮರಿಗಳೇ ನನ್ನ ಶೆಡ್ಡಿಗೆ ಬಂದರೆ ನನ್ನವೂ ಹಾಗೇ ಬೆಳೆಯುತ್ತವೆ. ನೇರವಾಗಿ ಕೇಳುವಂತಿರಲಿಲ್ಲ. ಕೇಳುವಷ್ಟು ತಗ್ಗಲು ನನಗೆ ಮನಸ್ಸಿರಲಿಲ್ಲ. ಅದಲ್ಲದೆ ಅವನು ಮರಿ ಮಾರುವಾಗ ‘ಎಲ್ಲಿಗೆ ಹೋಗ್ತವೆ, ಅಲ್ಲಿ ಬೇರೆ ಹಂದಿ ಇದೆಯಾ’ ಎಂದು ಹೆಣ್ಣು ಕೊಡುವವರಂತೆ ವಿಚಾರಿಸುತ್ತಿದ್ದ. ಒಬ್ಬ ದಲ್ಲಾಳಿಯನ್ನು ಹಿಡಿದೆ. ದೂರದ ಯಾವುದೋ ಹೊಸ ಫಾರಂ ಹೆಸರು ಹೇಳಿ ದಲ್ಲಾಳಿ ಷಡ್ಡಕನಿಂದ ನಲವತ್ತು ಮರಿ ಕೊಂಡು ತಂದು ನನ್ನ ಅಂಗಳದಲ್ಲಿ ಇಳಿಸಿದ.

ಎಂಥ ಮರಿಗಳು! ಗುಲಾಬಿ ಮೈ, ಹೊಳೆಯುವ ಕಣ್ಣು. ಕಿವಿಯ ಅಂಚಿನಲ್ಲಿ ಅವನ ಹಿಂಡಿನ ಗುರುತಿಗೆಂದು ಮಾಡಿದ ಎರಡು ಸಣ್ಣ ಕಚ್ಚು. ನಾನು ಅವುಗಳನ್ನು ಶೆಡ್ಡಿನ ನಟ್ಟನಡುವಿನ ಅಂಕಣಗಳಲ್ಲಿ ಬಿಟ್ಟೆ. ನನ್ನವು ಅವನ್ನು ನೋಡಿಯಾದರೂ ಕಲಿಯಲಿ ಅನ್ನುವ ಹಾಗೆ! ಆ ವಾರ ನನ್ನ ನಡಿಗೆಯೇ ಬದಲಾಗಿತ್ತು. ಒಂದು ದಿನ ಮಧ್ಯಾಹ್ನ ಮಲಗಿಯೂ ನೋಡಿದೆ, ನಿದ್ದೆ ಬರಲಿಲ್ಲ.

ನಾಲ್ಕನೆಯ ವಾರ ಆ ಮರಿಗಳು ಕೆಮ್ಮಿದವು. ನನ್ನವು ಕೆಮ್ಮುವಂತಲ್ಲ. ನನ್ನವು ಕೆಮ್ಮಿ, ಮೂತಿ ಒರೆಸಿಕೊಂಡು, ಮತ್ತೆ ತೊಟ್ಟಿಗೆ ಬಾಯಿ ಹಾಕುತ್ತವೆ. ಇವು ಕುತ್ತಿಗೆ ಚಾಚಿ, ಬೆನ್ನು ಬಾಗಿಸಿ, ಹೊಟ್ಟೆಯಿಂದ ಉಸಿರು ಎಳೆಯುತ್ತಿದ್ದವು. ಎರಡು ದಿನದಲ್ಲಿ ಅರ್ಧಕ್ಕರ್ಧ ಮಲಗಿಬಿಟ್ಟವು. ಡಾಕ್ಟರು ಬಂದು ಔಷಧಿ ಬರೆದುಕೊಟ್ಟು ಹೋದರು. ಹೆಂಡತಿ ನನ್ನನ್ನು ಕೇಳದೆ ಅಕ್ಕನಿಗೆ ಫೋನು ಮಾಡಿದಳು. ಅರ್ಧ ಗಂಟೆಯಲ್ಲಿ ಅವನು ಬಂದ. ಸೋಪು ತಂದಿದ್ದ ಅಂತ ಬೇರೆ ಹೇಳಬೇಕಾಗಿಲ್ಲ.

ಮಂಡಿಯೂರಿ ಮೊದಲ ಮರಿಯ ತಲೆ ಎತ್ತಿದ. ಅವನ ಹೆಬ್ಬೆರಳು ಅದರ ಕಿವಿಯ ಮೇಲೆ ಹೋಯಿತು. ಕಚ್ಚುಗಳನ್ನು ಒಂದು ಸಲ ಸವರಿತು. ನಾನು ಶೆಡ್ಡಿನ ತಗಡು ಎಣಿಸತೊಡಗಿದೆ.

ಅವನು ಬೈಯಲಿಲ್ಲ. ಮರಿಯ ತಲೆಯನ್ನು ಮೆಲ್ಲಗೆ ಕೆಳಗಿಟ್ಟು, ‘ಇವು ಕೆಮ್ಮು ಅಂದ್ರೇನು ಅಂತ ಕಂಡೇ ಇರ್ಲಿಲ್ಲ ಕಣಪ್ಪಾ’ ಅಂದ. ‘ನಿನ್ನವಕ್ಕೆ ಹುಟ್ಟಿದಾಗಿಂದ ಅಭ್ಯಾಸ, ಹೇಗೋ ತಡ್ಕೊಳ್ತವೆ. ಇವಕ್ಕೆ ಮೈಯಲ್ಲಿ ಅದನ್ನ ತಡೆಯೋ ಶಕ್ತೀನೇ ಇಲ್ಲ. ನನ್ನನ್ನೇ ಕೇಳಿದ್ರೂ ಕೊಡ್ತಿರ್ಲಿಲ್ಲ. ಇದಕ್ಕೇ.’

ಅಷ್ಟೇ. ನಾನು ನಿಂತಲ್ಲೇ ನೆಲಕ್ಕಿಳಿದು ಹೋದೆ. ಅವನು ಎರಡು ಮಾತು ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಆ ದಾರಿಯನ್ನೂ ಮುಚ್ಚಿಬಿಟ್ಟ. ಮೂರು ದಿನ ನನ್ನ ಶೆಡ್ಡಿನಲ್ಲೇ ಇದ್ದ. ಒಂದೊಂದಕ್ಕೂ ಚುಚ್ಚಿದ, ನೀರು ಕುಡಿಸಿದ, ಕಿಟಕಿಯ ಗೋಣಿ ಕಿತ್ತು ಗಾಳಿ ಬಿಡಿಸಿದ. ಹನ್ನೊಂದು ಸತ್ತವು, ಇಪ್ಪತ್ತೊಂಬತ್ತು ಉಳಿದವು. ಅವನ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಇದೂ ಇವನಿಗೇ ಇರಬೇಕೇ ಅನ್ನಿಸಿತು.

ನನ್ನ ಹಂದಿಗಳ ನಡುವೆ ಇದ್ದವನಾದ್ದರಿಂದ ಅವನು ಹತ್ತು ದಿನ ತನ್ನ ಶೆಡ್ಡಿನೊಳಗೆ ಹೋಗಲಿಲ್ಲ. ಅಷ್ಟೂ ಕೆಲಸವನ್ನು ಅಕ್ಕ ಒಬ್ಬಳೇ ಮಾಡಿದಳು. ಮನೆಯ ಹಿಂದಿನ ಪ್ರತ್ಯೇಕ ಕೋಣೆಯಲ್ಲಿ ಆರು ಹೊಸ ಎಳೆ ಹೆಣ್ಣುಹಂದಿಗಳಿದ್ದವು. ಹೊರಗಿನಿಂದ ತಂದ ಹಂದಿಯನ್ನು ಅವನು ಎರಡು ತಿಂಗಳು ಅಲ್ಲಿಟ್ಟು, ಏನೂ ರೋಗವಿಲ್ಲ ಎಂದು ಖಾತ್ರಿಯಾದ ಮೇಲೆ ಹಿಂಡಿಗೆ ಸೇರಿಸುತ್ತಿದ್ದ. ಅಕ್ಕನಿಗೆ ಎರಡೂ ಕಡೆ ಆಗುವುದಿಲ್ಲವೆಂದು ಆ ಆರಕ್ಕೆ ಮೇವು ಹಾಕುವುದನ್ನು ಮಾತ್ರ ಅವನೇ ವಹಿಸಿಕೊಂಡ. ಸ್ನಾನ ಮಾಡಿಯೇ, ಬಟ್ಟೆ ಬದಲಿಸಿಯೇ ಹೋಗುತ್ತಿದ್ದ.

ಮುಂದಿನ ತಿಂಗಳು ಕಾರ್ಖಾನೆಯವರು ನನ್ನ ಹೆಸರು ಹೊಡೆದುಹಾಕಿದರು. ಇನ್ನು ಸಂತೆಯ ಕಟುಕರಿಗೆ ಎರಡು ಮೂರರಂತೆ, ಅವರು ಕೇಳಿದ ಬೆಲೆಗೆ ಮಾರಬೇಕು. ಒಂದು ಸೋಮವಾರ ಮಧ್ಯಾಹ್ನ ಹೆಂಡತಿ, ‘ಭಾವ ಅಷ್ಟು ಮಾಡಿದಾರೆ, ಒಂದ್ಸಲ ಹೋಗಿ ಬರದಿದ್ರೆ ಚೆನ್ನಾಗಿರಲ್ಲ’ ಅಂದಳು. ಹೋದೆವು.

ಹಿತ್ತಲ ಕಟ್ಟೆಯ ಮೇಲೆ ಕೂತಿದ್ದೆವು. ಅಕ್ಕ ಚಹಾ ತಂದುಕೊಟ್ಟಳು. ಅವಳ ಮುಖ ಅರಳಿತ್ತು.

‘ಕಾರ್ಖಾನೆಯವರೇ ಬಂದಿದ್ರು ಕಣೇ. ಇನ್ನೊಂದು ಶೆಡ್ಡು ಕಟ್ಸಿ, ಎಷ್ಟಿದ್ರೂ ತಗೋತೀವಿ ಅಂದ್ರು.’

‘ಒಳ್ಳೇದಾಯ್ತಲ್ಲಕ್ಕಾ’ ಅಂದಳು ನನ್ನ ಹೆಂಡತಿ. ನಾನು ಚಹಾ ಕುಡಿದೆ. ನಾಲಿಗೆ ಸುಟ್ಟಿತು.

‘ಈ ಆರನ್ನ ಬುಧವಾರ ಬೆಳಿಗ್ಗೆ ಒಳಗೆ ಸೇರಿಸ್ತೀನಿ. ಎರಡು ತಿಂಗಳಾಯ್ತು, ಒಂದಕ್ಕೂ ಏನೂ ಇಲ್ಲ’ ಅಂದ ಅವನು, ಹಿಂದಿನ ಗೋಡೆಗೆ ಕೈ ತೋರಿಸಿ.

ಅವನ ಕೈ ಇನ್ನೂ ಗಾಳಿಯಲ್ಲಿರುವಾಗಲೇ ಆ ಗೋಡೆಯ ಆಚೆ ಒಂದು ಹಂದಿ ಕೆಮ್ಮಿತು. ಒಣ ಕೆಮ್ಮು, ಬಿಟ್ಟು ಬಿಟ್ಟು. ಅದು ನನ್ನ ಶೆಡ್ಡಿನ ಕೆಮ್ಮು. ಹೆತ್ತ ಮಕ್ಕಳ ದನಿಯಂತೆ ನನಗೆ ಅದರ ಗುರುತು.

ಅವನಿಗೆ ಕೇಳಿಸಲಿಲ್ಲ. ಮೇವು ಹಾಕುವ ಹೊತ್ತಿನ ಕಿರುಚಾಟಕ್ಕೆ ಹಂದಿ ಸಾಕುವವರ ಕಿವಿ ಬೇಗ ಮಂದವಾಗುತ್ತದೆ. ಅವನ ಹಿಂಡು ದೊಡ್ಡದು, ಕಿವಿಯೂ ಅಷ್ಟೇ ಬೇಗ ಹೋಗಿತ್ತು. ಅಕ್ಕ ಸಕ್ಕರೆ ತರಲು ಒಳಗೆ ಹೋಗಿದ್ದಳು. ಹೆಂಡತಿ ತಲೆ ಬಗ್ಗಿಸಿ ಚಹಾದಲ್ಲಿ ಚಮಚ ತಿರುಗಿಸುತ್ತಿದ್ದಳು.

ಒಂದು ಮಾತು ಸಾಕಿತ್ತು. ‘ಭಾವ, ಬುಧವಾರ ಬೇಡ.’ ಆರು ಹಂದಿ ಹೋಗುತ್ತಿದ್ದವು, ಆರುನೂರು ಉಳಿಯುತ್ತಿದ್ದವು. ನನ್ನ ಬಾಯಿ ತೆರೆಯಲಿಲ್ಲ. ಯಾಕೆಂದು ಸುತ್ತಿ ಬಳಸಿ ಹೇಳುವುದಿಲ್ಲ. ನನಗೆ ಸಂತೋಷವಾಗಿತ್ತು. ಹತ್ತು ವರ್ಷದಲ್ಲಿ ಅಂಥ ಸಂತೋಷ ಆಗಿರಲಿಲ್ಲ. ಇನ್ನು ಇವನೂ ಸಿರಿಂಜು ಹಿಡಿದು ಓಡಲಿ, ಇವನ ಮೂಟೆಗಳೂ ಗಾಳಿಗೆ ಹೋಗಲಿ, ಇವನೂ ಮಧ್ಯಾಹ್ನ ಎರಡು ಗಂಟೆಗೆ ಎಚ್ಚರವಿರಲಿ ಎಂದುಕೊಂಡೆ. ಚಹಾ ಚೆನ್ನಾಗಿದೆ ಎಂದು ಹೇಳಿ ಎದ್ದೆ.

ಮಂಗಳವಾರ ಬೆಳಿಗ್ಗೆ ಆ ಸಂತೋಷ ಎಲ್ಲಿ ಹೋಯಿತೋ ಗೊತ್ತಿಲ್ಲ. ನನ್ನ ಶೆಡ್ಡಿನಲ್ಲಿ ಆ ಇಪ್ಪತ್ತೊಂಬತ್ತು ಮರಿಗಳು ಎದ್ದು ನಿಂತು ನನ್ನ ಕಡೆ ನೋಡಿದವು. ಮೂರು ದಿನ ಅವನು ಒಂದೊಂದರ ಬಾಯಿಗೂ ನೀರು ಹಿಡಿದದ್ದು ಕಣ್ಣಿಗೆ ಕಟ್ಟಿತು. ಆ ಆರಕ್ಕೆ ಕೆಮ್ಮು ಅಂಟಿದ್ದರೆ ಅದು ಅವನ ಮೈಮೇಲೆ ಇಲ್ಲಿಂದಲೇ ಹೋದದ್ದು, ನನ್ನ ಮರಿಗಳಿಗಾಗಿ ಇಲ್ಲಿಗೆ ಬಂದದ್ದರಿಂದ. ಫೋನು ಎತ್ತಿದೆ, ಇಟ್ಟೆ. ‘ನಿನ್ನೆಯೇ ಯಾಕೆ ಹೇಳಲಿಲ್ಲ’ ಎಂದು ಕೇಳಿದರೆ? ಸಂಜೆ ಮತ್ತೆ ಎತ್ತಿದೆ, ಮತ್ತೆ ಇಟ್ಟೆ. ಹೀಗೆ ಒಂದಿಡೀ ದಿನ ತಿಂದುಹಾಕಿದೆ.

ಬುಧವಾರ ಬೆಳಿಗ್ಗೆ ತಡೆಯಲಾಗದೆ ಸ್ಕೂಟರು ಹತ್ತಿದೆ. ತಲುಪುವಾಗ ಎಂಟೂವರೆ. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಅವನು ಪೈಪು ಹಿಡಿದು ಖಾಲಿ ನೆಲ ತೊಳೆಯುತ್ತಿದ್ದ.

‘ಏನಪ್ಪಾ ಇಷ್ಟು ಬೆಳಿಗ್ಗೆ? ಆರೂ ಒಳಗೆ ಹೋದ್ವು ನೋಡು. ಒಂದಿಷ್ಟೂ ಗಲಾಟೆ ಮಾಡ್ಲಿಲ್ಲ.’

‘ಭಾವ, ಅದ್ರಲ್ಲಿ ಒಂದು ಕೆಮ್ತಾ ಇದೆ.’

ಪೈಪು ಅವನ ಕೈಯಿಂದ ಜಾರಿತು. ‘ಯಾವಾಗ ಕೇಳಿಸ್ತು?’

‘ಈಗ. ಗೇಟಿನ ಹತ್ರ ಬರ್ತಿದ್ದ ಹಾಗೆ.’

ಅವನು ಓಡಿದ. ಬಟ್ಟೆ ಬದಲಿಸದೆ, ಸ್ನಾನ ಮಾಡದೆ ಅವನು ಶೆಡ್ಡಿಗೆ ನುಗ್ಗಿದ್ದನ್ನು ಆವತ್ತೇ ನಾನು ಕಂಡದ್ದು. ಆರನ್ನೂ ಹೊರಗೆಳೆದು ತಂದ. ಆದರೆ ಅವು ಒಂದೂವರೆ ಗಂಟೆ ಎಲ್ಲರ ಜೊತೆ ಮೂತಿಗೆ ಮೂತಿ ತಾಗಿಸಿ ನಿಂತಿದ್ದವು. ಹೊರಗೆ ಬಂದವನು ಒದ್ದೆ ಕೈಗಳಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡ.

‘ನೀನು ಬಂದಿದ್ದು ಒಳ್ಳೇದಾಯ್ತು ಕಣಪ್ಪಾ. ನನಗೆ ಈ ಕಿವಿ ಏನೂ ಕೇಳಿಸಲ್ಲ. ನಿನ್ನಿಂದ ಇಷ್ಟಾದ್ರೂ ಬೇಗ ಗೊತ್ತಾಯ್ತು.’

ಬೇಗ! ನಾನು ಕೈ ಬಿಡಿಸಿಕೊಳ್ಳಲೂ ಆಗದೆ ನಿಂತಿದ್ದೆ.

ತಿಂಗಳು ಕಳೆಯುವುದರೊಳಗೆ ಅವನ ಶೆಡ್ಡು ಈ ತುದಿಯಿಂದ ಆ ತುದಿಯವರೆಗೆ ಕೆಮ್ಮಿತು. ಎಳೆಮರಿಗಳು ಬುಟ್ಟಿಗಟ್ಟಲೆ ಸತ್ತವು. ಉಳಿದವು ಬೆಳೆಯುವುದನ್ನು ನಿಲ್ಲಿಸಿದವು. ಹೊಸ ಶೆಡ್ಡಿನ ಮಾತನ್ನು ಕಾರ್ಖಾನೆಯವರು ಮತ್ತೆ ಎತ್ತಲಿಲ್ಲ. ಅವನಿಗೀಗ ಐವತ್ತಾರು. ಎಲ್ಲವನ್ನೂ ಮಾರಿ, ಮತ್ತೆ ಒಂದು ವರ್ಷ ಮೂಟೆ ಇಳಿಸಿ, ಮೊದಲಿನಿಂದ ಶುರುಮಾಡುವ ವಯಸ್ಸಲ್ಲ. ಆದರೂ ಮಾಡುತ್ತೇನೆ ಅನ್ನುತ್ತಾನೆ. ಅಕ್ಕ ಮತ್ತೆ ಬಟ್ಟೆ ಅಂಗಡಿಗೆ ಹೋಗುತ್ತಿದ್ದಾಳೆ. ಸಿಕ್ಕಸಿಕ್ಕವರಿಗೆಲ್ಲ, ‘ನಮ್ಮ ತಂಗಿ ಗಂಡ ಆವತ್ತು ಓಡಿ ಬಂದು ಹೇಳದಿದ್ರೆ ಇನ್ನೂ ಕಷ್ಟ ಆಗ್ತಿತ್ತು’ ಎನ್ನುತ್ತಾಳಂತೆ.

ನಿನ್ನೆ ಆ ಮಾತು ಮೂರನೆಯವರ ಬಾಯಿಂದ ಕೇಳಿದೆ. ಕೇಳಿ ಮನೆಗೆ ಬಂದವನಿಗೆ ಇನ್ನು ಒಳಗಿಟ್ಟುಕೊಳ್ಳಲಾಗಲಿಲ್ಲ. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಅವಳೆದುರು ಕೂತು ಹೇಳಿಬಿಟ್ಟೆ.

‘ಬುಧವಾರ ಅಲ್ಲ ಕಣೇ. ಸೋಮವಾರವೇ ನನಗೆ ಕೇಳಿಸಿತ್ತು. ಕಟ್ಟೆ ಮೇಲೆ ಕೂತಿದ್ದಾಗ.’

ಅವಳು ಅಂಗಿಯ ತೋಳನ್ನು ಒಳಗೆ ಮಡಚಿದಳು, ಕಾಲರನ್ನು ಸರಿಮಾಡಿದಳು.

‘ನನಗೂ ಕೇಳಿಸ್ತು’ ಅಂದಳು.

ನಾನು ಅವಳನ್ನೇ ನೋಡಿದೆ.

‘ನೀವು ಎಲ್ಲಿ ಹೇಳ್ಬಿಡ್ತೀರೋ ಅಂತ ಭಯ ಆಗಿತ್ತು ರೀ.’